ಪಾಳಿ ಬಂತೇ ಎಂದು ಕೇಳಿದ್ದರು

೯ ಅಕ್ಟೋಬರ್ ೧೯೮೮, ಭಾನುವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಈ ಪತ್ರಿಕೆಗೆ ಬರೆಯಲು ಕೂತೆ.

ನನ್ನ ಸೋದರತ್ತೆಯ ವಿಷಯದಲ್ಲಿ ನಾನು ಡಾಕ್ಟರಿಗೆ ಸುಳ್ಳು ಹೇಳಿದೆ. ಮರಾಠಿಯ ಒಂದೇ ಪದದ ಸುಳ್ಳು — "ನಾಹೀ," ಇಲ್ಲ ಎಂದು. ಹೇಳಿ ಮೂರು ವರ್ಷ ಎರಡು ತಿಂಗಳಾಯಿತು.

ಅತ್ತೆ ಧಾರವಾಡದವರು, ವಿಧವೆ, ಐವತ್ತೆಂಟು ವಯಸ್ಸು. ಸ್ತನದ ಗಡ್ಡೆ ತೆಗೆಸಿದ ಮೇಲೆ ಮರಾಠಿ ಸೀಮೆಯ ನಿಗಡಿಯಲ್ಲಿದ್ದ ನಮ್ಮ ಮನೆಯಲ್ಲೇ ಉಳಿದಿದ್ದರು. ಅಮ್ಮ ತೀರಿಕೊಂಡಿದ್ದ ಮನೆ. ಅಪ್ಪ, ನಾನು, ಅತ್ತೆ ಅಷ್ಟೇ. ಮುಟ್ಟು ನಿಂತ ಮೇಲೂ ಹೆಂಗಸರ ಮೈಯಲ್ಲಿ ಸ್ವಲ್ಪ ಹಾರ್ಮೋನು ಇರುತ್ತದೆ, ಅದು ಗಡ್ಡೆಯನ್ನು ಮತ್ತೆ ಬೆಳೆಸದಂತೆ ತಡೆಯಲು ಗುಳಿಗೆ ಎಂದಿದ್ದರು ಡಾಕ್ಟರು. ದಿನಕ್ಕೆ ಎರಡು. ಒಂದೊಂದಕ್ಕೂ ಡೈರಿಯಲ್ಲಿ ಗೀಟು ಎಳೆಯುತ್ತಿದ್ದೆ. ಒಂದೂ ತಪ್ಪಲಿಲ್ಲ. ಆ ಗೀಟುಗಳ ಬಗ್ಗೆ ಹೆಮ್ಮೆಪಟ್ಟಿದ್ದೆ — ಈಗ ಆ ಪುಟ ತೆರೆಯಲು ನಾಚಿಕೆ.

೧೯೮೫ರ ಜುಲೈಯಲ್ಲಿ ನಾಲ್ಕು ದಿನ ಅತ್ತೆ ದೇವರ ಹತ್ತಿರ ಹೋಗಲಿಲ್ಲ. "ಮೊಣಕಾಲು ಭಾಳ ನೋಯ್ತಾವ, ದೀಪ ನೀನs ಹಚ್ಚಪಾ," ಎಂದರು. ನಾಲ್ಕೂ ದಿನ ಬರೆದಿದ್ದೇನೆ: ದೀಪ — ನಾನು.

೭ ಆಗಸ್ಟ್ ೧೯೮೫, ಬುಧವಾರ. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ಅತ್ತೆಗೆ ಮರಾಠಿ ಬಾರದು. ನಾನೇ ಬಸ್ಸಿನಿಂದ ಶಿವಾಜಿನಗರದಲ್ಲಿಳಿಸಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕೇಳಿದರು: "ಪಾಳೀ ಪರತ್ ಆಲೀ ಕಾ?" — ಪಾಳಿ ಮತ್ತೆ ಬಂತೇ ಎಂದು.

ನಮ್ಮ ಮಾತಿನಲ್ಲಿ ಪಾಳಿ ಎಂದರೆ ಸರದಿ. ಮರಾಠಿಯಲ್ಲಿ ಮುಟ್ಟಿಗೂ ಅದೇ ಪದ. ನನಗದು ಗೊತ್ತಿತ್ತು — ಗೊತ್ತಿರಲಿಲ್ಲವೆಂದು ಬರೆದರೆ ಇದು ಇನ್ನೊಂದು ಸುಳ್ಳಾಗುತ್ತದೆ. ಆ ನಾಲ್ಕು ದಿನಗಳೂ ನೆನಪಾದವು. ಆದರೆ ಅತ್ತೆಯ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ಪದವನ್ನು ಹಾಗೆಯೇ ದಾಟಿಸಿದೆ.

"ಅತ್ಯಾ, ಪಾಳಿ ಬಂತೇನ್ರಿ ಅಂತ ಕೇಳ್ಲಿಕತ್ತಾರ."

ಅತ್ತೆ ನಕ್ಕರು. "ಪಾಳಿ ಬಂದದ್ದಕ್ಕs ಒಳಗ ಕೂತೀವಲ್ಲೋ! ಇಲ್ಲಾಂದ್ರ ಬಾಗಲದಾಗಿನ ಆ ಮೀಸಿಯವ ಬಿಡ್ತಿದ್ನೇನು? ಎರಡು ತಾಸು ಕುಂಡ್ರಿಸಿ ಈಗ ಕೇಳ್ತಾರ!"

"ಕಾಯ್ ಮ್ಹಣತಾತ್?" — ಏನನ್ನುತ್ತಾರೆ ಎಂದರು ಡಾಕ್ಟರು.

"ನಾಹೀ ಮ್ಹಣತಾತ್," ಎಂದೆ. ಅವರು ಹಾಗೆಯೇ ಬರೆದುಕೊಂಡರು.

ಹೊರಗೆ ಬಂದ ಮೇಲಾದರೂ ಕೇಳಬಹುದಿತ್ತು. ಆಗ ನನಗೆ ಹತ್ತೊಂಬತ್ತು — ಇಲ್ಲ, ವಯಸ್ಸನ್ನು ಇಲ್ಲಿ ತರಬಾರದು. ಮುಂದಿನ ಮಾರ್ಚ್‌ವರೆಗೆ "ದೀಪ — ನಾನು" ಎಂದು ಇಪ್ಪತ್ತಮೂರು ಸಲ ಬರೆದಿದ್ದೇನೆ. ಎಣಿಸಿದ್ದು ಆಮೇಲೆ. ಬರೆಯುವಾಗ ಪ್ರತಿ ಸಲವೂ ಅನುಮಾನ ಬಂದಿತ್ತು.

ಮಾರ್ಚ್‌ನಲ್ಲಿ ಬಚ್ಚಲಲ್ಲಿ ಕುಸಿದರು. ರಕ್ತ ನೋಡಿ ಅಪ್ಪ ಗಾಬರಿಯಾದರು. ಗರ್ಭಕೋಶದಲ್ಲಿ ಬೇರೆಯೇ ಗಡ್ಡೆ. ಮುಟ್ಟು ನಿಂತವರಿಗೆ ಒಂದು ಹನಿ ಕಂಡರೂ ಹೇಳಬೇಕಿತ್ತು, ಅದಕ್ಕೇ ಕೇಳಿದ್ದು ಎಂದು ಡಾಕ್ಟರು ಹಳೆಯ ಕಾಗದ ತಿರುಗಿಸಿದರು. ಅಪ್ಪ ಅತ್ತೆಯನ್ನೇ ಗದರಿಸಿದರು: "ಕೇಳಿದಾಗ ಯಾಕ ಹೇಳಲಿಲ್ಲs ಅಕ್ಕಾ?" ಅತ್ತೆ ಗೊಂದಲದಿಂದ ನನ್ನ ಮುಖ ನೋಡಿದರು. "ನನ್ನ ಯಾರು ಕೇಳಿದ್ರೋ?" ನಾನು ಗೋಡೆ ನೋಡಿದೆ.

ಆಪರೇಷನ್ ದಿನ ಬೆಂಚಿನ ಮೇಲೆ ಕೂತು ಅಂದರು, "ಹೋಗಿ ಕೇಳ್ಬಾರಪಾ, ನನ್ನ ಪಾಳಿ ಯಾವಾಗಂತ." ಆಗಲೂ ಹೇಳಲಿಲ್ಲ. ಆ ವರ್ಷದ ದೀಪಾವಳಿ ಕಳೆದ ಹನ್ನೊಂದನೆಯ ದಿನ ತೀರಿಕೊಂಡರು. ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದರೇ — ಆ ಪ್ರಶ್ನೆಯನ್ನು ಯಾರಿಗೂ ಕೇಳಿಲ್ಲ. "ಇಲ್ಲ" ಎಂದು ಉತ್ತರ ಬಂದರೆ ನನಗೆ ಸಮಾಧಾನವಾದೀತು; ಅದು ನನಗೆ ಬೇಡ. ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ.

ಒಂದು ವಿಷಯ ಉಳಿದಿದೆ. ಆ ಬುಧವಾರ ನಾನು ಚೀಟಿ ಮಾಡಿಸಲು ಹೋದಾಗ, ವಿಜಾಪುರದ ಕಡೆಯ ಕನ್ನಡದ ಹೆಣ್ಣುಮಗಳೊಬ್ಬರು ಅತ್ತೆಯ ಪಕ್ಕ ಕೂತಿದ್ದರು. ಎಡಗೈಗೆ ಪಟ್ಟಿ ಕಟ್ಟಿತ್ತು. ಇಬ್ಬರೂ ತಲೆ ಹತ್ತಿರ ತಂದು ಮೆಲ್ಲಗೆ ಮಾತಾಡುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು. ಅವರಾಗಲಿ, ಅವರನ್ನು ಬಲ್ಲವರಾಗಲಿ ಇದನ್ನು ಓದಿದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ — ಅತ್ತೆ ಅಂದು ಏನು ಹೇಳಿದರು? ಡಾಕ್ಟರಿಗೆ ಹೇಳಬೇಕೆಂದೇ ಬಂದಿದ್ದರೇ? ಡೈರಿಯಲ್ಲಿ ಆ ತಾರೀಖಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅತ್ತೆಯ ಮಾತನ್ನು ಈ ಸಲ ಇದ್ದಹಾಗೇ ಬರೆಯುತ್ತೇನೆ.