ಮೂರನೆಯ ಹಾಡಿನ ಮೊದಲ ಹೆಸರು

ನಮ್ಮ ಬ್ಯಾಂಡಿನ ಮೊದಲ ಆಲ್ಬಂ ಮೊಬೈಲಿನ ಹಾಡಿನ ಆ್ಯಪ್‌ಗೆ ಬಂದ ಬೆಳಿಗ್ಗೆ ನಾನು ಮೊದಲು ಹಾಡು ಕೇಳಲಿಲ್ಲ. ಮೂರನೆಯ ಹಾಡನ್ನು ತೆರೆದು, ಅದರ ಕೆಳಗಿನ ಸಣ್ಣಕ್ಷರ ಓದಿದೆ. ಸಾಹಿತ್ಯ, ಸಂಗೀತ ಎಂದಿದ್ದ ಕಡೆ ನನ್ನ ಹೆಸರಿರಲಿಲ್ಲ. ನಮ್ಮ ಗಿಟಾರಿನವನ ಹೆಸರೂ ಇರಲಿಲ್ಲ. ಹೊನ್ನಾವರದಲ್ಲಿ ಐಸ್ ಫ್ಯಾಕ್ಟರಿ ನಡೆಸುವ ಅವನ ಸೋದರಮಾವನ ಹೆಸರಿತ್ತು. ಅದರ ಪಕ್ಕದಲ್ಲಿ ‘ಮತ್ತು ಇತರರು’ ಎಂದಿತ್ತು.

ಆ ಇತರರಲ್ಲಿ ನಾನೂ ಒಬ್ಬಳು.

ನಾವು ಇರುವುದು ಮೂವರು. ಹೊನ್ನಾವರದವನು ಗಿಟಾರ್ ಬಾರಿಸುತ್ತಾನೆ, ಹಾಡುವವನೂ ಅವನೇ. ಡ್ರಮ್ಸ್ ಬಾರಿಸುವವನು ಭಟ್ಕಳದ ಹತ್ತಿರದ ಬೆಳಕೆಯವನು; ಅವನ ಅಪ್ಪ ಮೀನುಗಾರರು. ನಾನು ಕುಮಟಾದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಬ್ಯಾಂಡಿನಲ್ಲಿ ಬೇಸ್ ಗಿಟಾರ್. ಪ್ರತಿ ಭಾನುವಾರ ಐಸ್ ಫ್ಯಾಕ್ಟರಿಯ ಹಿಂದಿನ ಖಾಲಿ ಕೋಣೆಯಲ್ಲಿ ಸೇರುತ್ತೇವೆ. ಕಂಪ್ರೆಸರಿನ ಗದ್ದಲದಲ್ಲಿ ನಮ್ಮ ಹಾರ್ಡ್ ರಾಕ್ ಅಕ್ಕಪಕ್ಕದವರಿಗೆ ಅಷ್ಟಾಗಿ ಕೇಳುವುದಿಲ್ಲ. ಯಾವ ಭಾನುವಾರ ಏನು ಬಾರಿಸಿದೆವು, ಯಾರು ತಡವಾಗಿ ಬಂದರು ಎಂದು ದಿನಾಂಕ ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಶಾಲೆಯಲ್ಲಿದ್ದಾಗಿನಿಂದ ಬಂದದ್ದು, ಬಿಟ್ಟಿಲ್ಲ.

ಗಿಟಾರಿನವನಿಗೆ ಹಾಡು ಹುಟ್ಟುವುದು ಬೇರೆಯವರಿಗೆ ಸೀನು ಬಂದ ಹಾಗೆ. ಬನ್ಸ್ ತಿನ್ನುತ್ತ ಒಂದು ಸಾಲು, ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದು. ನನಗೆ ಹಾಗೆ ಬರುವುದಿಲ್ಲ. ತಿಂಗಳುಗಟ್ಟಲೆ ಕೂತರೂ ಬರುವುದಿಲ್ಲ. ಹೊನ್ನಾವರದಲ್ಲಿ ಒಮ್ಮೆ ಬಾರಿಸಿದಾಗ ವೇದಿಕೆಯ ಹಿಂದೆ ಬಂದವರೆಲ್ಲ ಅವನ ಕೈ ಕುಲುಕಿದರು. ಇಬ್ಬರು ನನ್ನನ್ನು ಅವನ ತಂಗಿಯೇ ಎಂದು ಕೇಳಿದರು. ಇದನ್ನೂ ಬರೆದಿಟ್ಟಿದ್ದೇನೆ. ಮನೆಯಲ್ಲಿ ಅಮ್ಮನೂ ಅಷ್ಟೆ.

“ಆ ಹುಡುಗ ಚಂದ ಹಾಡ್ತ. ನೀನೂ ಹಿಂದೆ ಎಂತೋ ಬಾರಿಸ್ತೆ ಅಲಾ?”

ಮೂರನೆಯ ಹಾಡು ಮಾತ್ರ ನನ್ನಿಂದ ಹುಟ್ಟಿದ್ದು. ಲ್ಯಾಬಿನಲ್ಲಿ ರಕ್ತದ ನಳಿಗೆಗಳನ್ನು ಗಿರಗಿರನೆ ತಿರುಗಿಸುವ ಯಂತ್ರ ಒಂದಿದೆ. ಅದು ನಿಲ್ಲುವ ಮುಂಚೆ ದನಿ ತಗ್ಗುತ್ತ, ತಗ್ಗುತ್ತ ಕೊನೆಗೆ ಎರಡು ಸಲ ಗೊಗ್ಗರಿಸುತ್ತದೆ. ಅದನ್ನು ದಿನಾ ಕೇಳಿ ಕೇಳಿ ದಪ್ಪ ತಂತಿಯ ಮೇಲೆ ಎಂಟು ಸ್ವರ ಕೂಡಿಸಿದ್ದೆ. ಒಂದು ಭಾನುವಾರ ಬಾರಿಸಿ ತೋರಿಸಿದೆ. ಗಿಟಾರಿನವನು ಕಣ್ಣು ಮುಚ್ಚಿ ಕೇಳಿದ, ಇನ್ನೊಮ್ಮೆ ಎಂದ, ಸಂಜೆಯೊಳಗೆ ಅದಕ್ಕೆ ಮಾತು ಕೂಡಿಸಿಯೇ ಬಿಟ್ಟ. ಡ್ರಮ್ಸಿನವನು ಪೆಟ್ಟು ಹಾಕಿದ. ಹಾಡಾಯಿತು. ನನ್ನದು ಎಂಟೇ ಸ್ವರ ಎಂದು ಅವರು ಹೇಳಬಹುದು. ಆ ಎಂಟು ಇಲ್ಲದಿದ್ದರೆ ಅವರು ಯಾವುದರ ಮೇಲೆ ಕಟ್ಟುತ್ತಿದ್ದರು ಎಂದು ನಾನು ಕೇಳುತ್ತೇನೆ.

ರೆಕಾರ್ಡಿಂಗ್ ಮುಗಿದ ಮೇಲೆ ಆ್ಯಪ್‌ಗೆ ವಿವರ ತುಂಬಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಇರುವುದು ಎಂಟು ಹಾಡು. ಏಳು ಗಿಟಾರಿನವನ ಹೆಸರಿಗೆ, ಮೂರನೆಯದು ನನ್ನ ಹೆಸರಿಗೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಎಲ್ಲ ಹಾಡುಗಳನ್ನು ನನಗೆ ಕೊಟ್ಟರೂ ಬೇಡವಾಗಿತ್ತು. ಆ ಒಂದರ ಕೆಳಗೆ ನನ್ನ ಹೆಸರೊಂದೇ ಇರಬೇಕಿತ್ತು. ಅವರಿಗೆ ಹೇಳಲು ಸಮಯ ಕಾಯುತ್ತಿದ್ದೆ.

ಅಷ್ಟರಲ್ಲಿ ಡ್ರಮ್ಸಿನವನು ನಮ್ಮಿಬ್ಬರನ್ನೂ ಊಟಕ್ಕೆಂದು ಬೆಳಕೆಗೆ ಕರೆದ. ಹೋದಾಗ ಅವನ ಅಪ್ಪ ಮತ್ತು ಹತ್ತಾರು ಜನ ಕೈರಂಪಣಿ ಎಳೆಯುತ್ತಿದ್ದರು. ಅದು ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟು ಬಂದು ದಡದಿಂದ ಹಗ್ಗ ಹಿಡಿದು ಎಳೆಯುವ ದೊಡ್ಡ ಬಲೆ. ನೋಡುತ್ತ ನಿಂತ ನಮಗೂ “ಹಿಡೀರಿ, ಹಿಡೀರಿ” ಎಂದರು. ಹಿಡಿದೆವು. ನನ್ನ ಎಳೆತದಿಂದ ಬಲೆ ಒಂದು ಗೇಣು ಮುಂದೆ ಬಂದಿದ್ದರೆ ಹೆಚ್ಚು. ಮೀನು ಹಂಚುವಾಗ ಮಾತ್ರ ನನ್ನ ಚೀಲಕ್ಕೂ ಎಲ್ಲರಷ್ಟೇ ಬಂಗಡೆ ಬಿತ್ತು. ಬಲೆಯ ಯಜಮಾನರು ಕವುಚಿ ಹಾಕಿದ ದೋಣಿಯ ಮೇಲೆ ಕೂತೇ ಇದ್ದರು. ಅವರಿಗೆ ಬಲೆಯ ಪಾಲು ಬೇರೆ ಹೋಯಿತು.

ಊಟಕ್ಕೆ ಕೂತಾಗ ಡ್ರಮ್ಸಿನವನು ಹೇಳಿದ, “ಹಾಡಿಗೂ ಹಿಂಗೇ ಮಾಡ್ವ. ಹಗ್ಗ ಹಿಡದವ್ರಿಗೆಲ್ಲ ಸಮಪಾಲು. ಎಂಟಕ್ಕೂ ಮೂರೂ ಹೆಸರು.”

“ಆತು,” ಎಂದ ಗಿಟಾರಿನವನು, ಮುಳ್ಳು ಬಿಡಿಸುತ್ತ.

“ಮೂರನೇದಕ್ಕೂ?” ಎಂದೆ.

“ಮೂರನೇದಕ್ಕೆ ಎಂತ ಕೊಂಬು ಬಂದಿದ್ಯಾ?” ಎಂದ ಡ್ರಮ್ಸಿನವನು.

ಏಳು ಹಾಡು ಮಾಡಿದವನೇ ಒಪ್ಪಿಕೊಂಡ ಮೇಲೆ, ಎಂಟು ಸ್ವರ ಮಾಡಿದವಳು ಹೇಗೆ ತಕರಾರು ತೆಗೆಯುವುದು? ಅವನು ತಲೆ ಎತ್ತದೆ ‘ಆತು’ ಎಂದದ್ದು ನನ್ನನ್ನು ಹೆಚ್ಚು ಸುಟ್ಟಿತು. ಇದ್ದವರಿಗೆ ಕೊಡುವುದು ಸುಲಭ.

“ಹಾಗಾದ್ರೆ ಹೆಸರು ಅಕಾರಾದಿಯಾಗಿ ಹಾಕುವ. ಯಾರೂ ಹೆಚ್ಚಲ್ಲ, ಯಾರೂ ಕಡಿಮೆ ಅಲ್ಲ,” ಎಂದೆ. ಇಬ್ಬರೂ ಒಪ್ಪಿದರು. ಅಕಾರಾದಿಯಲ್ಲಿ ನನ್ನ ಹೆಸರು ಗಿಟಾರಿನವನದಕ್ಕಿಂತ ಮೊದಲು ಬರುತ್ತದೆ ಎನ್ನುವುದನ್ನು ಅವರು ಯೋಚಿಸಲಿಲ್ಲ. ನಾನು ಯೋಚಿಸಿದ್ದೆ.

ಮಾರನೆಯ ದಿನ ಡ್ರಮ್ಸಿನವನ ಫೋನು ಬಂತು.

“ಒಂದು ಮರ್ತೇ ಹೋಯ್ತು ಮಾರಾಯ್ತಿ. ಬಲೆ ಪಾಲು.”

“ಎಂತ ಬಲೆ?”

“ಮಾವನ ರೂಮು. ರೂಮಿಲ್ದೆ ಎಲ್ಲಿ ಬಾರಿಸ್ತಿದ್ವಿ? ಬಲೆ ಕೊಟ್ಟವ್ರಿಗೆ ಪಾಲಿಲ್ಲ ಅಂದ್ರೆ ನಮ್ಮಪ್ಪ ನನ್ನ ಮನೆ ಒಳಗೆ ಸೇರ್ಸೂದಿಲ್ಲ.”

ಮಾವನ ಹೆಸರು ಶುರುವಾಗುವುದೇ ‘ಅ’ದಿಂದ. ನಿಯಮ ನನ್ನದೇ, ಹಾಗಾಗಿ ಎಂಟೂ ಹಾಡಿಗೆ ಅವರ ಹೆಸರನ್ನು ಮೇಲೆ ಸೇರಿಸಿದೆ. ನಾಲ್ಕೂ ಹೆಸರು ಕಾಣುತ್ತವೆ, ಗಿಟಾರಿನವನು ನನ್ನ ಕೆಳಗೇ ಇರುತ್ತಾನೆ ಎಂದು ಸಮಾಧಾನ ಮಾಡಿಕೊಂಡೆ. ಆ್ಯಪ್ ಮೊದಲ ಹೆಸರೊಂದನ್ನೇ ತೋರಿಸುತ್ತದೆ ಎಂದು ತಿಳಿದದ್ದು ಆಲ್ಬಂ ಬಂದ ಆ ಬೆಳಿಗ್ಗೆ. ಲ್ಯಾಬಿಗೆ ಹೋಗುವಷ್ಟರಲ್ಲಿ ಧಾರೇಶ್ವರದ ನನ್ನ ಚಿಕ್ಕಮ್ಮನ ಮಗಳ ಮೆಸೇಜು ಬಂದಿತ್ತು: ಮೂರನೇ ಹಾಡು ಭಾರಿ ಆಯ್ತು, ಅದನ್ನ ಮಾಡಿದ ಅಂಕಲ್ ಯಾರು?

ಆ ಭಾನುವಾರ ಫ್ಯಾಕ್ಟರಿಗೆ ಹೋದಾಗ ಮಾವ ಬಾಗಿಲಲ್ಲೇ ಇದ್ದರು. ನಮ್ಮ ಗದ್ದಲಕ್ಕೆ ಇಷ್ಟು ದಿನ ಬೈಯುತ್ತಿದ್ದವರು ಈಗ ಐಸಿಗೆ ಬಂದ ಮೀನು ಮಾರುವ ಹೆಂಗಸಿಗೆ ಮೊಬೈಲಿನಲ್ಲಿ ಹಾಡು ಹಾಕಿ ಕೇಳಿಸುತ್ತಿದ್ದರು. ಮೂರನೆಯದನ್ನೇ.

“ಕೇಳು. ಇದು ನಂದು.”

“ನಿಮ್ದಾ? ಮಿಶನ್ ಹಾಳಾದಂಗೆ ಕೇಳ್ತದಲ್ಲ.”

“ಅದೇ ಅದ್ರ ಗಮ್ಮತ್ತು.”

“ಈ ತಂಗಿ ಎಂತ ಮಾಡ್ತದೆ?”

“ಅವ್ಳಾ? ಅವ್ಳು ದಪ್ಪ ತಂತಿ ಎಳೀತಾಳೆ.”

ಒಳಗೆ ಗಿಟಾರಿನವನು ನಕ್ಕು ನಕ್ಕು ಆಂಪ್ಲಿಫಯರಿನ ಮೇಲೆ ಕೂತುಬಿಟ್ಟಿದ್ದ. ಕಣ್ಣೊರೆಸಿಕೊಂಡು ಹೇಳಿದ, “ಬದಲು ಮಾಡು ಮಾರಾಯ್ತಿ. ಮೂರನೇದಕ್ಕೆ ನಿನ್ನ ಹೆಸರು ಒಂದೇ ಹಾಕು. ಅದು ನಿಂದೇ ಅಲಾ.”

“ದಡದಲ್ಲಿ ಹಂಚಾದ ಮೇಲೆ ಮತ್ತೆ ಬುಟ್ಟಿಗೆ ಕೈ ಹಾಕೂದಾ?” ಎಂದ ಡ್ರಮ್ಸಿನವನು.

‘ಅದು ನಿಂದೇ’ ಎನ್ನುವುದು ನಾನು ತಿಂಗಳುಗಳಿಂದ ಕೇಳಬೇಕೆಂದಿದ್ದ ಮಾತು. ತಟ್ಟೆಯಲ್ಲಿ ಉಳಿದ ಕೊನೆಯ ಭಜಿಯನ್ನು ಮುಂದೆ ತಳ್ಳಿದ ಹಾಗೆ ಗಿಟಾರಿನವನು ಅದನ್ನು ಕೊಟ್ಟ. ತೆಗೆದುಕೊಂಡರೆ ಹಾಡು ನನ್ನದಾಗುತ್ತಿತ್ತು, ಆದರೆ ಅವನು ಕೊಟ್ಟದ್ದಾಗುತ್ತಿತ್ತು. “ಇರಲಿ ಬಿಡು,” ಎಂದೆ. ಮಾವನ ಹೆಸರು ಈಗಲೂ ಹಾಗೇ ಇದೆ.

ಅದಾದ ಮೇಲೆ ರಕ್ತ ಸಂಗ್ರಹಕ್ಕೆ ಕತಗಾಲಕ್ಕೆ ಹೋಗಿ ಬರುವಾಗ, ಬಸ್ಸು ಗೇರು ಬದಲಿಸುವ ಸದ್ದಿನಲ್ಲಿ ಹೊಸದೊಂದು ಸಾಲು ಸಿಕ್ಕಿತು. ಒಂಬತ್ತು ಸ್ವರ. ನಾನು ಅದನ್ನು ಹೊನ್ನಾವರಕ್ಕೆ ಒಯ್ಯಲಿಲ್ಲ. ಒಂದು ಸಲ ಅಲ್ಲಿ ಬೆರಳು ತಾನಾಗಿ ಆ ಕಡೆ ಹೋದಾಗ ಗಿಟಾರಿನವನು ಕಿವಿ ನಿಮಿರಿಸಿದ. “ಎಂತ ಅದು?”

“ಎಂತ ಇಲ್ಲ. ಶ್ರುತಿ ನೋಡ್ತಾ ಇದ್ದೆ.”

ನಾಲ್ಕು ಭಾನುವಾರ ಮನೆಯಲ್ಲೇ ಇಟ್ಟುಕೊಂಡೆ. ಒಂಬತ್ತು ಸ್ವರ ಆದ ಮೇಲೆ ಮತ್ತೆ ಅದೇ ಒಂಬತ್ತು. “ಒಂದನ್ನೇ ಎಂತಕ್ಕೆ ಬಾರಿಸ್ತೆ, ಮುಂದೆ ಇಲ್ವಾ?” ಎಂದಳು ಅಮ್ಮ ಅಡುಗೆಮನೆಯಿಂದ. ಮುಂದೆ ಇರಲಿಲ್ಲ.

ಐದನೆಯ ಭಾನುವಾರ ವೈರು ಚುಚ್ಚುವ ಮೊದಲೇ ಹೇಳಿದೆ, “ಒಂದು ಸಾಲು ಇದೆ. ಇದು ನಂದು.”

“ಆತು,” ಎಂದ ಡ್ರಮ್ಸಿನವನು, ಕೋಲು ಎತ್ತಿಕೊಳ್ಳುತ್ತ. “ಹಗ್ಗ ಕೊಡು.”

ಬಾರಿಸಿದೆ. ಗಿಟಾರಿನವನು ಎರಡು ಸಲ ಕೇಳಿ, ಮೂರನೆಯ ಸಲ ನನ್ನ ಜೊತೆ ಬಾರಿಸುತ್ತ ಕೊನೆಯ ಸ್ವರವನ್ನು ಅರ್ಧ ಮೆಟ್ಟಿಲು ಕೆಳಗೆ ಇಳಿಸಿದ. ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಬಾಗಿಲ ಹೊರಗೆ ಮಾವ ತಲೆ ಆಡಿಸುತ್ತ ನಿಂತಿದ್ದರು.

ಮನೆಗೆ ಹೋಗುವ ಬಸ್ಸಿನಲ್ಲಿ ದಿನಾಂಕ ಹಾಕಿ, ಕೊನೆಯ ಸ್ವರ ಗಿಟಾರಿನವನದು ಎಂದು ಬರೆದೆ. ಮೊದಲಿನ ಎಂಟು ನನ್ನವು ಎಂದೂ ಬರೆದೆ.