ಆಯಿಗೆ ಕುಲುಕದ ಟೈರು

ಟೈರು ಬದಲಿಸಬೇಕೆಂದು ನಾನು ನಿರ್ಧರಿಸಿದ್ದು ಜನವರಿಯ ಒಂದು ಗುರುವಾರ, ಜೀಪಿನ ಹಿಂದಿನ ಎಡ ಟೈರಿನ ಪಕ್ಕೆ ಹರಿದ ದಿನ. ಮೊಳೆ ಚುಚ್ಚಿದ್ದರೆ ಚಿಂತೆಯಿರಲಿಲ್ಲ. ಅಂಗಡಿಯಲ್ಲಿ ರಬ್ಬರಿನ ಬತ್ತಿ ತುರುಕಿ ಗಾಳಿ ಹಾಕಿ ಕೊಡುತ್ತಾರೆ. ಪಕ್ಕೆ ಹರಿದರೆ ಟೈರನ್ನು ಎಸೆಯಬೇಕು, ಇಲ್ಲವೇ ಅಂಗಳದಲ್ಲಿಟ್ಟು ಮಣ್ಣು ತುಂಬಿ ಹೂವಿನ ಗಿಡ ನೆಡಬೇಕು. ನಮ್ಮ ಅಂಗಳದಲ್ಲಿ ಅಂಥ ಗಿಡಗಳು ಆಗಲೇ ಎರಡಿದ್ದವು.

ಆ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಆಯಿ, ನನ್ನ ತಾಯಿ, ಮಲಗಿದ್ದಳು. ಅವಳ ಮೂತ್ರಪಿಂಡ ಕೆಟ್ಟು ವರ್ಷದ ಮೇಲಾಗಿತ್ತು. ಸೋಮವಾರ ಮತ್ತು ಗುರುವಾರ ಅವಳನ್ನು ಡಯಾಲಿಸಿಸ್‌ಗೆ ಹೊನ್ನಾವರಕ್ಕೆ ಕರೆದುಕೊಂಡು ಹೋಗಬೇಕು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ, ಓಡಿಸುವವಳು ನಾನೊಬ್ಬಳೇ. ನಾನು ಕೆಲಸ ಮಾಡುವ ಸೊಸೈಟಿಯೂ ಹೊನ್ನಾವರದಲ್ಲೇ ಇದೆಯಾದ್ದರಿಂದ ಬೆಳಿಗ್ಗೆ ಅವಳನ್ನು ಬಿಟ್ಟು, ಮಧ್ಯಾಹ್ನದ ಮೇಲೆ ರಜೆ ಹಾಕಿ ಕರೆತರುತ್ತಿದ್ದೆ. ಯಂತ್ರದಿಂದ ಬಿಡಿಸಿಕೊಂಡು ಬರುವಾಗ ಆಯಿ ಹಿಂಡಿ ಹಾಕಿದ ಬಟ್ಟೆಯ ಹಾಗೆ ಇರುತ್ತಾಳೆ. ಡಾಂಬರು ಇರುವಷ್ಟು ದೂರ ಅವಳಿಗೆ ನಿದ್ದೆ. ಅದು ಮುಗಿದಲ್ಲಿಂದ ಗುಡ್ಡದ ಮೇಲಿನ ನಮ್ಮ ಕೇರಿಗೆ ಎರಡೂವರೆ ಕಿಲೋಮೀಟರು ಖಡಿ ರಸ್ತೆ.

ಡಾಂಬರು ಹಾಕುವ ಮೊದಲು ಜಲ್ಲಿ ಹರಡುತ್ತಾರಲ್ಲ, ಅದನ್ನೇ ನಾವು ಖಡಿ ಎನ್ನುವುದು. ನಮ್ಮ ರಸ್ತೆಗೆ ಅದನ್ನು ಹರಡಿ ಹೋದವರು ಮತ್ತೆ ಬರಲಿಲ್ಲ. ರೋಲರು ಹತ್ತದ ಖಡಿ ಚಕ್ರದಡಿ ಉರುಳುತ್ತದೆ, ಚೂಪು ಮೂಲೆಯನ್ನು ಮೇಲೆ ಮಾಡಿ ನಿಲ್ಲುತ್ತದೆ. ಮಾವಿನಕುರ್ವೆಯಿಂದ ಮೀನು ತರುವ ಹೆಂಗಸು ಕೂಡ ಡಾಂಬರು ಮುಗಿಯುವಲ್ಲೇ ಬುಟ್ಟಿ ಇಳಿಸಿ ಕೂಗು ಹಾಕುತ್ತಾಳೆ. ಬೇಕಾದವರು ಇಳಿದು ಬರಬೇಕು.

ಪ್ರತಿ ಕುಲುಕಿಗೂ ಆಯಿ ‘ಅಯ್ಯೋ’ ಎನ್ನುತ್ತಿದ್ದಳು. ನನಗೆ ದಿನಚರಿ ಬರೆಯುವ ರೂಢಿ ಹೈಸ್ಕೂಲಿನಿಂದಲೂ ಇದೆ. ಆ ಚಳಿಗಾಲದಲ್ಲಿ, ಒಂದು ಏರಿಗೆ ಎಷ್ಟು ಅಯ್ಯೋ ಎಂದು ತಾರೀಖಿನ ಪಕ್ಕ ಗೆರೆ ಎಳೆಯತೊಡಗಿದೆ. ತಮಾಷೆಗಲ್ಲ. ಕುಲುಕಾಟ ಅಳೆಯಲು ನನ್ನ ಹತ್ತಿರ ಬೇರೆ ಸಾಧನವಿರಲಿಲ್ಲ. ಹಳೆಯ ಟೈರಿನಲ್ಲಿ ಆ ಲೆಕ್ಕ ಇಪ್ಪತ್ತಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಮೇಲಿನ ತಿರುವು ದಾಟಿದ ಮೇಲೆ ಹೆಚ್ಚಿನ ದಿನ ಅವಳು ವಾಂತಿ ಮಾಡುತ್ತಿದ್ದಳು. ಅದಕ್ಕೆ ಬೇರೆ ಗುರುತು.

ಜೀಪನ್ನು ನಮಗೆ ಮಾರಿದವರು ಅದಕ್ಕೆ ಹೆದ್ದಾರಿಯ ಟೈರು ಹಾಕಿಸಿದ್ದರು. ನುಣುಪು ಮೈ, ತೆಳು ಪಕ್ಕೆ, ಡಾಂಬರಿನಲ್ಲಿ ಸದ್ದಿಲ್ಲದೆ ಓಡುತ್ತದೆ. ಇದಕ್ಕೆ ಪೂರ್ತಿ ವಿರುದ್ಧವಾದದ್ದು ಕೆಸರಿನ ಟೈರು. ಅದರ ಹಲ್ಲುಗಳು ದಪ್ಪ, ಮೈ ಗಡಸು, ಹೆದ್ದಾರಿಯಲ್ಲಿ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತದೆ. ಎರಡರ ನಡುವಿನದು ಆಲ್ ಟೆರೇನ್. ಪಕ್ಕೆ ದಪ್ಪ, ಹಲ್ಲು ಮಧ್ಯಮ, ಸಂದಿನಲ್ಲಿ ಸಿಕ್ಕಿದ ಕಲ್ಲನ್ನು ತಾನೇ ಉಗುಳುತ್ತದೆ. ಒಂದು ವಾರ ಓದಿ ಇಷ್ಟು ತಿಳಿದುಕೊಂಡು ಅಂಗಡಿ ಹುಡುಕಲು ಹೊರಟೆ.

ಕುಮಟಾದ ಅಂಗಡಿಯಲ್ಲಿ ಹೆದ್ದಾರಿಯ ಟೈರು ಬಿಟ್ಟರೆ ಬೇರೆ ಇರಲಿಲ್ಲ. “ಮಿರ್ಜಾನದವ್ರು, ಗುಡ್ಡದವ್ರು, ಎಲ್ಲ ಇದನ್ನೇ ತಕ್ಕಂಡು ಹೋಗೂದು. ನಿಂಗೊಬ್ಳಿಗೆ ಎಂತ ಬೇರೆ?” ಎಂದರು. ಹೊನ್ನಾವರದಲ್ಲಿ ಅಂಗಡಿಯವರು ನಾನು ಹೇಳುವುದನ್ನು ಪೂರ್ತಿ ಕೇಳಲೂ ಇಲ್ಲ.

“ಮನೇಲಿ ಗಂಡಸ್ರು ಯಾರಾದ್ರೂ ಇದ್ರೆ ಕಳ್ಸು ತಂಗಿ. ಟಾಯರಿನ ವಿಷಯ, ಮಾತಾಡೂದು ಅದೆ.”

“ನಮ್ಮನೇಲಿ ಗಂಡು ಅಂದ್ರೆ ಬೆಕ್ಕು ಒಂದೇ” ಎಂದೆ. ಅವರು ನಗಲಿಲ್ಲ.

ಕೊನೆಗೆ ಭಟ್ಕಳ. ಅಂಗಡಿಯ ಯಜಮಾನರು ಬಿಳಿ ಗಡ್ಡದವರು. ಕೆಲಸದವರ ಹತ್ತಿರ ನವಾಯತಿ, ನನ್ನ ಹತ್ತಿರ ಕನ್ನಡ. ಮೊದಲು ಅವರು ತೋರಿಸಿದ್ದು ಕೆಸರಿನ ಟೈರು. “ಇದು ಹಾಕು ತಂಗಿ, ಜೀಪು ಹುಲಿ ಆಗ್ತದೆ.”

“ನಂಗೆ ಹುಲಿ ಬೇಡ ಸಾಹೇಬ್ರೇ. ಹಿಂದೆ ಪೇಶಂಟ್ ಇರ್ತಾರೆ.”

“ಹಾಂಗಾದ್ರೆ ಮೊದ್ಲೇ ಹೇಳೂಕೆ ಎಂತ ಆಗಿತ್ತು?” ಎಂದು ಒಳಗಿನಿಂದ ಆಲ್ ಟೆರೇನ್ ತರಿಸಿದರು. ನಾನು ಕುಕ್ಕರುಗಾಲಲ್ಲಿ ಕೂತು ಟೈರಿನ ಮೈಮೇಲಿನ ನಾಲ್ಕು ಅಂಕಿ ಓದಿದೆ. ಮೊದಲಿನ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಎರಡು ಟೈರು ಹೊಸವು, ಎರಡು ಹಳೆಯವು. ನಾಲ್ಕೂ ಹೊಸದೇ ಬೇಕೆಂದೆ.

“ಇದೆಂತ ಮಲ್ಲಿಗೆ ದಂಡೆಯಾ, ನಿನ್ನೇದು ಬಾಡೂಕೆ?”

“ರಬ್ಬರೂ ಬಾಡ್ತದೆ.”

ಅವರು ಕೆಲಸದವರ ಕಡೆ ತಿರುಗಿ ನವಾಯತಿಯಲ್ಲಿ ಏನೋ ಹೇಳಿದರು. ಎಲ್ಲರೂ ನಕ್ಕರು. ಆದರೆ ಮರುವಾರ ಫೋನು ಮಾಡಿ ನಾಲ್ಕೂ ಹೊಸವನ್ನು ತರಿಸಿದ್ದೇನೆ ಎಂದರು.

ಟೈರು ಹಾಕಿಸಿದ ಮೇಲೆ ಗಾಳಿಯ ಪ್ರಯೋಗ ಶುರುವಾಯಿತು. ಗಾಳಿ ಸ್ವಲ್ಪ ಕಡಿಮೆ ಇದ್ದರೆ ಖಡಿಯಲ್ಲಿ ಟೈರು ಮೆತ್ತಗಾಗುತ್ತದೆ. ತೀರಾ ಕಡಿಮೆ ಮಾಡಿದರೆ ರಿಮ್ಮು ಬಡಿಯುತ್ತದೆ. ಡಾಂಬರು ಮುಗಿಯುವಲ್ಲಿ ಜೀಪು ನಿಲ್ಲಿಸಿ ನಾಲ್ಕೂ ಟೈರಿನಿಂದ ಗಾಳಿ ಬಿಡುತ್ತಿದ್ದೆ, ಮರುದಿನ ಕೆಳಗಿಳಿದ ಮೇಲೆ ಕಾಲಿನಲ್ಲಿ ಒತ್ತುವ ಪಂಪಿನಿಂದ ತುಂಬಿಸುತ್ತಿದ್ದೆ. ಫೆಬ್ರವರಿ ಮುಗಿಯುವಷ್ಟರಲ್ಲಿ ಸರಿಯಾದ ಅಳತೆ ಸಿಕ್ಕಿತು. ಅಯ್ಯೋಗಳು ನಾಲ್ಕೈದಕ್ಕೆ ಇಳಿದವು. ವಾಂತಿ ನಿಂತಿತು. ಒಂದೆರಡು ಸಲ ಮನೆಯಂಗಳ ಬರುವವರೆಗೂ ಅವಳಿಗೆ ಎಚ್ಚರವಾಗಲಿಲ್ಲ.

ಆದರೆ ಆಯಿಯಿಂದ ನನಗೆ ಒಂದು ಒಳ್ಳೆಯ ಮಾತು ಸಿಗಲಿಲ್ಲ. “ಟಾಯರಿಗೆ ಹಾಕಿದ ದುಡ್ಡಿಗೆ ಒಂದು ಆಕಳು ಬತ್ತಿತ್ತು” ಎಂದಳು. ಪಂಪು ಒತ್ತುವುದನ್ನು ಕಂಡು, “ಕೆಲ್ಸಕ್ಕೆ ಹೋಗೂಕೆ ಹೊತ್ತಾತು, ಇದು ಟಾಯರಿಗೆ ಗಂಜಿ ಕುಡಿಸ್ತಾ ಕೂತದೆ” ಎಂದಳು. ಆಯಿಯ ಬಾಯಲ್ಲಿ ಹೊಗಳಿಕೆ ಬರುವುದಿಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು.

ಈ ನಡುವೆ ರಸ್ತೆಗೆ ಡಾಂಬರು ಕೇಳಿ ಕೇರಿಯವರು ಕೊಟ್ಟಿದ್ದ ಅರ್ಜಿ ಜೀವ ಪಡೆದಿತ್ತು. ನಮ್ಮ ಪಕ್ಕದ ಮನೆಯಲ್ಲಿ ದೊಡ್ಡಪ್ಪ ಇದ್ದಾನೆ, ಅಪ್ಪನ ಚಿಕ್ಕಪ್ಪನ ಮಗ. ಗದ್ದೆ, ತರಕಾರಿ ಮಾಡಿಕೊಂಡಿರುವವನು. ವರ್ಷಗಳಿಂದ ಪಂಚಾಯ್ತಿಗೆ ಅಲೆದವನು ಅವನೇ. ಮಾರ್ಚಿನಲ್ಲಿ ಅವನು ಸುದ್ದಿ ತಂದ. ಪಟ್ಟಿಯಲ್ಲಿ ಮೂರು ರಸ್ತೆಗಳಿವೆ, ಡಾಂಬರು ಸಿಗುವುದು ಒಂದಕ್ಕೆ, ಯಾವುದು ಹೆಚ್ಚು ಹಾಳಾಗಿದೆ ಎಂದು ನೋಡಲು ಇಂಜಿನಿಯರು ಬರುತ್ತಾರೆ. ಆಯಿ ಅವತ್ತು ಎರಡು ಸಲ ಕೇಳಿದಳು, “ಮಳೆಗಾಲಕ್ಕೆ ಮೊದ್ಲೇ ಆತದಾ?” ಮಳೆ ಹಿಡಿದರೆ ನಮ್ಮ ಏರನ್ನು ಯಾವ ವಾಹನವೂ ನಂಬುವ ಹಾಗಿಲ್ಲ. ಹಿಂದಿನ ಮಳೆಗಾಲದಲ್ಲಿ ಅವಳಿಗೆ ಎಷ್ಟು ಸೋಮವಾರ ತಪ್ಪಿತು, ಎಷ್ಟು ಗುರುವಾರ ತಪ್ಪಿತು ಎಂಬುದು ನನ್ನ ದಿನಚರಿಯಲ್ಲಿತ್ತು. ಒಂದೊಂದು ತಪ್ಪಿದಾಗಲೂ ಅವಳ ಕಾಲು ಊದಿ ಉಸಿರು ಕಟ್ಟುತ್ತಿತ್ತು.

ಇಂಜಿನಿಯರು ಬರುವ ಹಿಂದಿನ ದಿನ ಕೇರಿಯವರೆಲ್ಲ ಸೇರಿ ರಸ್ತೆಯ ಹೊಂಡಗಳಿಗೆ ಮಣ್ಣು ತುಂಬಿದರು. ನಾನು ದೊಡ್ಡಪ್ಪನನ್ನು ಕೇಳಿದೆ, “ಹೊಂಡ ಮುಚ್ಚಿದ್ರೆ ಅವ್ರು ಬಂದು ನೋಡೂದು ಎಂತ?”

“ಮನೆಗೆ ಜನ ಬತ್ರು ಅಂದ್ರೆ ಅಂಗಳ ಗುಡಿಸೂದಿಲ್ವಾ ನೀನು? ಬಂದವ್ರ ಸೊಂಟ ಮುರ್ದು ಕಳ್ಸೂದಾ?”

ನಾನೂ ಬುಟ್ಟಿ ಹೊತ್ತೆ.

ಇಂಜಿನಿಯರು ಬಂದದ್ದು ಸೋಮವಾರ. ಆಯಿಯನ್ನು ಕರೆದುಕೊಂಡು ಬರುವಾಗ ಡಾಂಬರು ಮುಗಿಯುವಲ್ಲಿ ಒಂದು ಸಣ್ಣ ಕಾರು ನಿಂತಿತ್ತು, ಪಕ್ಕದಲ್ಲಿ ದೊಡ್ಡಪ್ಪನೂ ಇದ್ದ. ಇಂಜಿನಿಯರು ಚಿಕ್ಕ ಪ್ರಾಯದವರು, ಮರ್ಯಾದಸ್ಥರು. “ಕಾರು ಇಲ್ಲೇ ಇರ್ಲಿ, ಇದು ಹತ್ತೂದಿಲ್ಲ. ನಾನು ನಡ್ಕೊಂಡೇ ನೋಡಿ ಬರ್ತೇನೆ” ಎಂದು ಅವರೇ ಹೇಳಿದರು. ಕಾರು ಹತ್ತುವುದಿಲ್ಲ ಎಂಬ ಮಾತು ಅವರ ಬಾಯಿಂದಲೇ ಬಂದಿತ್ತು. ಅಷ್ಟಕ್ಕೇ ನಾವು ಸುಮ್ಮನಿದ್ದಿದ್ದರೆ ಆಗುತ್ತಿತ್ತು.

“ಛೆ ಛೆ!” ಎಂದ ದೊಡ್ಡಪ್ಪ. “ಈ ಬಿಸ್ಲಲ್ಲಿ ಸಾಹೇಬ್ರನ್ನ ನಡೆಸೂದಾ? ನಮ್ಮ ಹುಡ್ಗಿ ಜೀಪು ಅದೆ, ಕೂತ್ಕಳಿ.”

ಮುಂದಿನ ಸೀಟು ಒರೆಸಿ ಅವರನ್ನು ಕೂರಿಸಿದ. ತಾನು ಹಿಂದೆ ಆಯಿಯ ಪಕ್ಕ ಕೂತ. ನಾನು ರೂಢಿಯಂತೆ ಇಳಿದು ನಾಲ್ಕೂ ಟೈರಿನ ಗಾಳಿ ಕಡಿಮೆ ಮಾಡಿದೆ. ಯಾಕೆ ಎಂದು ಅವರು ಕೇಳಿದರು. ವಿವರಿಸಿದೆ. ವಿವರಿಸುವುದು ನನಗೆ ಇಷ್ಟ.

ಅರ್ಧ ಏರು ಹತ್ತಿದ ಮೇಲೆ ಅವರು ಹಿಂದೆ ತಿರುಗಿ ಆಯಿಯನ್ನು ಮಾತಾಡಿಸಿದರು. “ಅಮ್ಮಾ, ವಾರಕ್ಕೆ ಎರಡು ಸಲ ಈ ರಸ್ತೇಲಿ ಓಡಾಡ್ತೀರಂತೆ. ತುಂಬಾ ಕಷ್ಟ ಆಗ್ತದಾ?”

ಒರಗಿ ಕೂತಿದ್ದ ಆಯಿ ನೆಟ್ಟಗಾದಳು. ಸೆರಗು ಸರಿಮಾಡಿಕೊಂಡಳು.

“ಮೊದ್ಲು ಆತಿತ್ತು ಸಾಹೇಬ್ರೇ. ಜೀವ ಹೋಗ್ತಿತ್ತು. ಈಗ ಎಂತದೂ ಗೊತ್ತೇ ಆಗೂದಿಲ್ಲ. ನಮ್ಮ ಹುಡ್ಗಿ ಮೂರು ಊರು ತಿರ್ಗಿ ಟಾಯರು ತಂದದೆ. ಗಂಡಸ್ರಿಗೂ ಆಗ್ದಿದ್ದು ಮಾಡ್ಯದೆ. ತೊಟ್ಲಲ್ಲಿ ಮಲಗ್ದಾಂಗೆ ಆತದೆ ನಂಗೆ.”

“ಭಟ್ಕಳದ್ದು” ಎಂದು ದೊಡ್ಡಪ್ಪ ಸೇರಿಸಿದ, ತಾನೇ ಕೊಡಿಸಿದ ಹಾಗೆ.

ನನ್ನ ಕಿವಿ ಬಿಸಿಯಾಯಿತು. ಅವಳು ಹಾಗೆ ಹೇಳಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಆ ಕ್ಷಣ ರಸ್ತೆಯ ಅರ್ಜಿಯ ನೆನಪೇ ನನಗೆ ಬರಲಿಲ್ಲ. ಉಳಿದ ಏರನ್ನು ಇನ್ನೂ ನಾಜೂಕಾಗಿ ಓಡಿಸಿದೆ, ಒಂದೇ ಒಂದು ಅಯ್ಯೋ ಇಲ್ಲದೆ. ಮೇಲೆ ಎಳನೀರು, ಅವಲಕ್ಕಿ, ಚಹಾ ಆಯಿತು. ಇಂಜಿನಿಯರು ಕೈ ಮುಗಿದು ಹೊರಟರು. ನಾನೇ ಕೆಳಗೆ ಬಿಟ್ಟು ಬಂದೆ.

ಏಪ್ರಿಲ್‌ನಲ್ಲಿ ದೊಡ್ಡಪ್ಪ ಪಂಚಾಯ್ತಿಯಿಂದ ಬಂದವನು ತನ್ನ ಮನೆಗೆ ಹೋಗದೆ ಸೀದಾ ನಮ್ಮ ಅಂಗಳಕ್ಕೆ ಬಂದ. ಡಾಂಬರು ಬೇರೆ ರಸ್ತೆಗೆ ಹೋಗಿತ್ತು. ನಮ್ಮದು ವಾಹನ ಸಂಚಾರಕ್ಕೆ ಯೋಗ್ಯ, ರೋಗಿಗಳನ್ನು ಸಾಗಿಸಲೂ ತೊಂದರೆಯಿಲ್ಲ ಎಂದು ಇಂಜಿನಿಯರು ಬರೆದಿದ್ದರಂತೆ.

“ನಿನ್ನ ಟಾಯರು ನಮ್ಮ ರಸ್ತೆ ತಿಂತು” ಎಂದ.

“ಹೊಂಡ ಮುಚ್ಚಿದ್ದು ಯಾರು? ನಡ್ಕೊಂಡು ಹೋಗ್ತೆ ಅಂದವ್ರನ್ನ ಹತ್ತಿಸಿದ್ದು ಯಾರು?”

“ಹತ್ತಿಸ್ದೆ. ನೀ ತೊಟ್ಲು ತೂಗಿದ್ದು ಎಂತಕ್ಕೆ? ನಾಕು ಕಲ್ಲಿನ ಮೇಲೆ ಹಾಯಿಸೂಕೆ ಬರ್ತಿರ್ಲಿಲ್ವಾ?”

ಅವನು ಅಂದಿನಿಂದ ನನ್ನ ಜೀಪು ಹತ್ತಲಿಲ್ಲ. ಅವನ ಗ್ಯಾಸ್ ಸಿಲಿಂಡರ್ ಮಾತ್ರ ಹತ್ತುತ್ತಿತ್ತು. ಕೇರಿಯ ಉಳಿದವರದೂ ಅದೇ ಕಥೆ. ಮಾತಿಲ್ಲ, ಆದರೆ ಅಕ್ಕಿ ಮೂಟೆ, ಗೊಬ್ಬರದ ಚೀಲ ಡಾಂಬರಿನ ಕೊನೆಯಲ್ಲಿ ನನಗಾಗಿ ಕಾಯುತ್ತಿದ್ದವು. ರಸ್ತೆ ಹೇಗೂ ಇಲ್ಲ, ಟೈರು ಇದೆಯಲ್ಲ!

ನಾನು ಇಂಜಿನಿಯರ ಕಚೇರಿಗೂ ಹೋದೆ. ಅವರು ಕುರ್ಚಿ ಕೊಟ್ಟರು. “ನಿಮ್ಮ ತಾಯಿಯವರೇ ಹೇಳಿದ್ದಲ್ವಾ?” ಎಂದರು.

“ಅವ್ರು ಹೇಳಿದ್ದು ಟೈರಿನ ಬಗ್ಗೆ ಸರ್.”

“ಆದ್ರೆ ಗಾಡಿ ಹೋಗ್ತದಲ್ಲ?”

ಹೋಗುತ್ತಿತ್ತು. ಅವರು ಸುಳ್ಳು ಬರೆದಿರಲಿಲ್ಲ, ಜಗಳ ಆಡಲಿಕ್ಕೂ ಜಾಗ ಇರಲಿಲ್ಲ.

ಜೂನ್‌ನಲ್ಲಿ ಗುಡ್ಡದ ನೀರು ರಸ್ತೆಗಿಳಿಯಿತು. ನಾವು ತುಂಬಿದ ಮಣ್ಣು ಮೊದಲ ಮಳೆಗೇ ಹೋಯಿತು, ಅದರ ಹಿಂದೆ ಖಡಿ ಹೋಯಿತು. ಅಡಿಯ ಜೇಡಿಮಣ್ಣು ಟೈರಿನ ಹಲ್ಲಿನ ಸಂದಿಗಳಲ್ಲಿ ತುಂಬಿಕೊಂಡರೆ ಟೈರು ಬೋಳು. ಯಾವ ಗಾಳಿಯ ಅಳತೆಯೂ ಅಲ್ಲಿ ನಡೆಯಲಿಲ್ಲ. ಎರಡನೆಯ ಗುರುವಾರ ಜೀಪು ಅಡ್ಡಡ್ಡ ಜಾರಿ ಚರಂಡಿಗೆ ಇಳಿಯಿತು. ಡಯಾಲಿಸಿಸ್ ಮುಗಿಸಿಕೊಂಡು ಬಂದಿದ್ದ ಆಯಿ ನನ್ನ ಹೆಗಲು ಹಿಡಿದು, ಕೊಡೆಯಡಿಯಲ್ಲಿ ನಡೆದು ಮೇಲೆ ಬಂದಳು. ಕೂತು ಕೂತು ಬಂದಳು. ಕೇರಿಯವರು ಚರಂಡಿಯಿಂದ ಜೀಪನ್ನು ಎತ್ತಿ ಕೊಟ್ಟರು.

ಮರುವಾರ ಹೊನ್ನಾವರದಲ್ಲಿ ಆಸ್ಪತ್ರೆಗೆ ಹತ್ತಿರ ಒಂದು ಕೋಣೆ ಹಿಡಿದು ಅವಳನ್ನು ಅಲ್ಲಿಟ್ಟೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಅದು ಹಿತ್ತಿಲಲ್ಲಿ ಮಣ್ಣಿನ ಮಡಿ ಕಟ್ಟಿ ಹೀರೆ, ಬೆಂಡೆ ಬೀಜ ಹಾಕುವ ಹೊತ್ತು. “ಮಡಿ ಮಾಡಿದ್ಯಾ?” ಎಂದು ದಿನವೂ ಕೇಳುತ್ತಿದ್ದಳು. ರಾತ್ರಿ ಕೋಣೆಯಲ್ಲೇ ಮಲಗುವ ನಾನು ಗುಡ್ಡದ ಮೇಲೆ ಯಾವಾಗ ಮಡಿ ಮಾಡಲಿ? ಆ ವರ್ಷ ನಮ್ಮ ಹಿತ್ತಿಲು ಹುಲ್ಲು ಬೆಳೆಯಿತು.

ಆಗಸ್ಟಿನ ಒಂದು ಭಾನುವಾರ ಮನೆ ನೋಡಿಕೊಂಡು ಬಂದು ಗಂಜಿ ಬಡಿಸುತ್ತಿದ್ದೆ.

“ದೊಡ್ಡಪ್ಪ ಮಾತಾಡ್ದನಾ?” ಎಂದು ಆಯಿ ಕೇಳಿದಳು.

“ಇಲ್ಲ.”

ಅವಳು ಗಂಜಿ ಕಲಸಿದಳು. “ನಾ ಸಾಹೇಬ್ರ ಹತ್ರ ಹಾಂಗೆ ಹೇಳ್ಬಾರ್ದಾಗಿತ್ತಾ?”

‘ನೀನೆಂತ ಮಾಡ್ತೆ, ಅವ್ರು ಕೇಳಿದ್ರು, ನೀ ಹೇಳ್ದೆ’ ಎನ್ನಬಹುದಿತ್ತು. ಅವಳು ಕಾಯುತ್ತಿದ್ದದ್ದು ಅದಕ್ಕೇ. ಅವತ್ತು ಬೆಳಿಗ್ಗೆ ಖಾಲಿ ಮನೆಯ ಬೀಗ ತೆಗೆದಾಗ ಒಳಗಿನಿಂದ ಬಂದ ಬೂಸಲು ವಾಸನೆ ಇನ್ನೂ ನನ್ನ ಮೂಗಿನಲ್ಲಿತ್ತು.

“ಹೇಳ್ಬಾರ್ದಾಗಿತ್ತು” ಎಂದೆ.

ಆಯಿ ತಲೆಯಾಡಿಸಿದಳು. ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ನಿಂಗೆ ಸೀದಾ ಹೇಳೂಕೆ ನಂಗೆ ನಾಚ್ಕೆ ಆತಿತ್ತು” ಎಂದಳು. “ಹಾಂಗಾಗಿ ಅವ್ರ ಹತ್ರ ಹೇಳ್ದೆ.”