ಸಿಸ್ಟರ್ ಕಾರಿಗೆ ಕ್ಯಾಮ್ ಆರಿಸಿದ್ದು

ಬಿಚ್ಚಿದ ಇಂಜಿನ್ನು ಊಟದ ಮೇಜಿನ ಮೇಲೆ ಬಂದು ಕೂತ ದಿನವೇ ಸಿಸ್ಟರ್‌ಗೆ ಗೊತ್ತಾಗಬೇಕಿತ್ತು, ಇದು ಸುಲಭಕ್ಕೆ ಮುಗಿಯುವ ಕೆಲಸವಲ್ಲ ಎಂದು. ಆದರೆ ಗಂಡನ ಮಾತು ನಂಬುವ ಕೆಟ್ಟ ಚಟ ಅವಳಿಗೆ. "ಒಂದು ವಾರ, ಅಷ್ಟೇ ಕಣೇ" ಎಂದಿದ್ದ. ಯಾವ ವಾರ ಎಂದು ಅವಳು ಕೇಳಿರಲಿಲ್ಲ.

ಅವಳನ್ನು ಇಡೀ ಬಡಾವಣೆಯೇ ಸಿಸ್ಟರ್ ಎಂದು ಕರೆಯುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಗಳ ಗಾಯ ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಎದ್ದು ಕೂರಲಾಗದವರನ್ನು ಮಗ್ಗುಲು ತಿರುಗಿಸುವುದು ಅವಳ ಕೆಲಸ. ಅವಳ ಪಾಲಿಗೆ ಬಂದವು ಗುಡ್ಡದ ಮೇಲಿನ ಬೀದಿಗಳು. ಒಂದೊಂದು ಬೀದಿಯೂ ಏಣಿ ಒರಗಿಸಿಟ್ಟ ಹಾಗೆ. ನಾಲ್ಕು ಮನೆಗೊಂದು ಕಡೆ ನಿಲ್ಲಿಸಬೇಕು, ಇಳಿಯಬೇಕು, ಮತ್ತೆ ಅದೇ ಏರಿನಲ್ಲಿ ಹೊರಡಬೇಕು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಲೇ ಇರುತ್ತದೆ. ಇದನ್ನೆಲ್ಲ ಅವಳು ಹನ್ನೊಂದು ವರ್ಷ ಒಂದು ಪುಟ್ಟ ಹಳೆಯ ಬ್ರಿಟಿಷ್ ಕಾರಿನಲ್ಲಿ ಮಾಡಿದ್ದಳು. ಕೆಲಸ ಸಿಕ್ಕಿದಾಗ ಸೋದರಮಾವ ತನ್ನ ಕಾರನ್ನೇ ಅವಳ ಕೈಗಿತ್ತಿದ್ದ. ನಾಲ್ಕು ಜನ ಕೂತರೆ ಮೊಣಕಾಲು ಗದ್ದಕ್ಕೆ ತಗಲುವಷ್ಟು ಚಿಕ್ಕದು, ಆದರೆ ಏರಿನಲ್ಲಿ ಕ್ಲಚ್ಚಿನಿಂದ ಕಾಲು ತೆಗೆದರೆ ಸಾಕು, ಗೊಣಗದೆ ಮೇಲೆ ಹತ್ತುತ್ತಿತ್ತು.

ಗಂಡನಿಗೆ ಕನ್ನಡಕದ ಅಂಗಡಿ. ದಿನವಿಡೀ ಬೇರೆಯವರ ಕಣ್ಣು ನೋಡುವವನಿಗೆ ಸಂಜೆಯಾದರೆ ಇಂಜಿನ್ನಿನ ಹುಚ್ಚು. ಕೈಯಲ್ಲಿ ಕಸುಬಿರಲಿಲ್ಲ ಎನ್ನುವ ಹಾಗಿಲ್ಲ. ಅವಳ ಕಾರಿನ ಇಂಜಿನ್ನು ಬಿಚ್ಚಿ, ನಟ್ಟು, ಬೋಲ್ಟು, ಬೇರಿಂಗು ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅವಳ ಸ್ಟೀಲ್ ಡಬ್ಬಿಗಳಲ್ಲೇ ಸಾಲಾಗಿ ಜೋಡಿಸಿದ್ದ. ತೊಂದರೆ ಬಂದದ್ದು ಕ್ಯಾಮ್‌ನಲ್ಲಿ. ಇಂಜಿನ್ನಿನ ಹೊಟ್ಟೆಯೊಳಗೆ ಒಂದು ಉದ್ದನೆಯ ಉಕ್ಕಿನ ದಂಡ, ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳು. ದಂಡ ತಿರುಗಿದಂತೆ ಉಬ್ಬುಗಳು ವಾಲ್ವ್‌ಗಳನ್ನು ಎತ್ತುತ್ತವೆ, ಇಂಜಿನ್ನು ಉಸಿರಾಡುತ್ತದೆ. ಅದೇ ಕ್ಯಾಮ್. ಹಳೆಯದರಲ್ಲಿ ಎರಡು ಉಬ್ಬು ಸವೆದು ಚಪ್ಪಟೆಯಾಗಿದ್ದವು, ಹೊಸದು ಹಾಕಲೇಬೇಕಿತ್ತು.

ಹೊಸದರಲ್ಲಿ ಮೂರು ಬಗೆ. ಮೊದಲಿದ್ದಂಥದ್ದೇ ಒಂದು, ಸ್ವಲ್ಪ ಚುರುಕಿನದು ಇನ್ನೊಂದು, ರೇಸಿನದು ಮೂರನೆಯದು. ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದಷ್ಟೂ ಇಂಜಿನ್ನಿಗೆ ಓಟದಲ್ಲಿ ಬಲ. ನಿಧಾನಕ್ಕೆ ತಿರುಗುವಾಗ ಮಾತ್ರ ಜೀವವೇ ಇರುವುದಿಲ್ಲ. ಈ ಎರಡನೆಯ ಮಾತನ್ನು ಸಿಸ್ಟರ್‌ಗೆ ಯಾರೂ ಹೇಳಲಿಲ್ಲ. ಮೊದಲನೆಯದನ್ನು ಮಾತ್ರ ಗಂಡ ಬೆಳಗ್ಗೆ, ಮಧ್ಯಾಹ್ನ, ಸಂಜೆ ಜಪ ಮಾಡಿದ. ತಟ್ಟೆ ಇಡಲು ಜಾಗವಿಲ್ಲದೆ ಅವಳು ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿಂದಳು. ಬಸ್ಸಿನಲ್ಲಿ ಚೀಲ ಹೊತ್ತು ಗುಡ್ಡ ಹತ್ತಿ ಅವಳ ಭುಜ ಬಿದ್ದುಹೋಗಿತ್ತು.

"ಯಾವುದೋ ಒಂದು ಹಾಕಿ ಮುಗಿಸ್ರೀ!"

"ಯಾವುದೋ ಒಂದು ಹಾಕೋಕೆ ಇದೇನು ಬಾಗಿಲಿನ ಚಿಲಕಾನಾ?"

ಸಾಲದ್ದಕ್ಕೆ ಅವಳ ಸ್ವಂತ ಅಣ್ಣನೇ ಇದರಲ್ಲಿ ಸೇರಿಕೊಂಡ. ಅವನ ಬಳಿಯೂ ಅಂಥದ್ದೇ ಕಾರು, ಅದಕ್ಕೆ ರೇಸಿನ ಕ್ಯಾಮ್. ಒಂದು ಸಂಜೆ ಫೋನ್ ಮಾಡಿ, ತನ್ನ ಕಾರು ಸ್ಟಾರ್ಟ್ ಮಾಡಿ, ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದ. ಧಡ್, ಧಡಕ್, ಧಡ್. ಗಂಡ ಕಣ್ಣು ಮುಚ್ಚಿ ತಲೆದೂಗಿದ. "ಭಾವ, ಇನ್ನೊಂದು ಸಲ" ಎಂದ. ಹೆಂಡತಿ ಕರೆದರೆ ಒಂದೇ ಸಲಕ್ಕೆ ಓಗೊಡದವನು ಆ ಗುಡುಗುಡುವನ್ನು ಮೂರು ಸಲ ಕೇಳಿಸಿಕೊಂಡ. ಕ್ಯಾಮ್ ಆರಿಸಿದ್ದು ಹಾಗೆ, ಕಿವಿಯಿಂದ.

ಮರುದಿನ ಬಿಡಿಭಾಗದ ಅಂಗಡಿಯವನಿಗೆ ಫೋನ್ ಹೋಯಿತು. ಕೈಗೆಲ್ಲ ಗ್ರೀಸು, ಅದಕ್ಕೆ ಗಂಡ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಸಿಸ್ಟರ್ ಪಕ್ಕದಲ್ಲೇ ಕೂತು ಬ್ಯಾಂಡೇಜ್ ಸುತ್ತುತ್ತಿದ್ದಳು.

"ರೇಸಿಂದು ಕೊಡ್ತೀನಿ ಸಾರ್, ಅದಕ್ಕೇನು" ಎಂದ ಅಂಗಡಿಯವನು. "ಆದ್ರೆ ಒಂದು ಹೇಳಿ. ಗಾಡಿ ಯಾರು ಓಡಿಸೋದು? ಎಲ್ಲಿ ಓಡಿಸೋದು?"

"ನಾನೇ" ಎಂದ ಗಂಡ. "ಹೆದ್ದಾರೀಲಿ."

ಬ್ಯಾಂಡೇಜ್ ಸುತ್ತುತ್ತಿದ್ದ ಕೈ ನಿಂತಿತು. ಇವನು ಹೆದ್ದಾರಿಗೆ ಹೋಗುವುದು ಯಾವಾಗಲೋ ಒಂದು ಭಾನುವಾರ. ಕೇಳಿಬಿಡಬೇಕು ಅನಿಸಿತು. ಆದರೆ ಕೇಳಿದರೆ ಆರಿಸುವ ಕೆಲಸ ಮತ್ತೆ ಮೊದಲಿಂದ ಶುರುವಾಗುತ್ತದೆ, ಮೇಜು ಇನ್ನೂ ಒಂದು ತಿಂಗಳು ಸಿಗುವುದಿಲ್ಲ. ಸಾಕಪ್ಪಾ ಸಾಕು ಎಂದು ಸುಮ್ಮನಾದಳು.

ಕ್ಯಾಮ್ ಬಂತು, ಕೂತಿತು. ಇಂಜಿನ್ನು ಧಡ್ ಧಡಕ್ ಎಂದಿತು, ಅಡುಗೆಮನೆಯ ಲೋಟಗಳು ನಡುಗಿದವು. ಗಂಡ ಮುಂಜಾನೆ ಖಾಲಿ ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದು, ಮುಖ ಊರಗಲ ಮಾಡಿಕೊಂಡು ಕೀ ಅವಳ ಕೈಗಿಟ್ಟ. "ಬಾಣ ಕಣೇ, ಬಾಣ!"

ಬಾಣ ಮೊದಲನೇ ಏರಿನಲ್ಲೇ ನಿಂತಿತು. ಅವಳು ಎಂದಿನಂತೆ ಕ್ಲಚ್ಚಿನಿಂದ ಕಾಲು ತೆಗೆದಳು, ಕಾರು ಒಮ್ಮೆ ಕುಪ್ಪಳಿಸಿ ಸುಮ್ಮನಾಯಿತು. ಮತ್ತೆ ಸ್ಟಾರ್ಟ್, ಮತ್ತೆ ಕುಪ್ಪಳಿಕೆ. ಹಿಂದೆ ಬಸ್ಸು. ಔಷಧಿ ಅಂಗಡಿಯ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಬೀದಿಯ ತುದಿಯ ಮನೆಯಲ್ಲಿ ಕಾಲಿನ ಹುಣ್ಣಿನ ರೋಗಿ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೊದಲ ಮಹಡಿಯಿಂದ ಗಂಟಲು ಹರಿಯುವಂತೆ ಕೂಗಿದರು: "ಸಿಸ್ಟರ್, ಗೇರ್ ಸರಿಯಾಗಿ ಹಾಕಮ್ಮಾ!" ಅವಳಿಗೆ ನೆಲ ಬಿರಿದು ಒಳಗೆ ಹೋಗಿಬಿಡಬೇಕು ಅನಿಸಿತು.

"ಕ್ಲಚ್ ನಿಧಾನಕ್ಕೆ ಬಿಡಬೇಕು" ಎಂದ ಗಂಡ ಆ ಸಂಜೆ.

"ಹನ್ನೊಂದು ವರ್ಷದಿಂದ ಬಿಡ್ತಾ ಇದ್ದೀನಿ."

"ಅದು ಬೇರೆ ಇಂಜಿನ್ನು. ಇದು ಜಾತಿ ಕುದುರೆ. ನಿನಗಿನ್ನೂ ಕಾಲಿನ ಹದ ಬಂದಿಲ್ಲ, ಅಷ್ಟೇ."

ಅಣ್ಣನೂ ಫೋನಿನಲ್ಲಿ ಅದನ್ನೇ ಹೇಳಿದ. ಇಬ್ಬರು ಒಂದೇ ಮಾತು ಹೇಳಿದರೆ ನಿಜವಿರಬಹುದೇನೋ ಎಂದು ಅವಳಿಗೇ ಅನುಮಾನ ಹತ್ತಿತು. ಆ ಅನುಮಾನವೇ ಕೆಟ್ಟದ್ದು. ಏರು ಕಂಡರೆ ಕ್ಲಚ್ ಬಿಡಲೇ ಹಿಂಜರಿಯುತ್ತಿದ್ದಳು. ಒಂದು ದಿನ ಕಾರು ಹಿಂದಕ್ಕೆ ಜಾರಿ ಬಸ್ಸಿನ ಮೂತಿಗೆ ಇನ್ನೇನು ತಗಲಬೇಕು, ಅಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯಿತು. ಅವತ್ತಿನಿಂದ ಕೀ ಮೊಳೆಗೆ ನೇತುಬಿತ್ತು. ಮತ್ತೆ ಬಸ್ಸು, ಚೀಲ, ತಡ. ಮೇಷ್ಟ್ರ ಹುಣ್ಣಿನ ಪಟ್ಟಿ ಎರಡು ಸಲ ಹೊತ್ತು ಮೀರಿ ಬದಲಾಯಿತು. ಹೆಡ್ ನರ್ಸ್ ಕರೆದು ಮೆತ್ತಗೆ ಹೇಳಿದರು: "ವಯಸ್ಸಾಗ್ತಾ ಬಂತಲ್ಲ ಸಿಸ್ಟರ್. ಸೋಮವಾರದಿಂದ ಮೇಲಿನ ಬೀದಿಗಳನ್ನ ಬೇರೆಯವರಿಗೆ ಕೊಡೋಣ. ನೀವು ಕೆಳಗೇ ಇರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆತ್ತಗಿನ ದನಿಯನ್ನು ತಡೆಯಲಾಗಲಿಲ್ಲ. ಶನಿವಾರ ಬೆಳಗ್ಗೆ ಮೊಳೆಯಿಂದ ಕೀ ತೆಗೆದು ಗಂಡನ ಮುಂದೆ ಹಿಡಿದಳು.

"ಇವತ್ತು ಅಂಗಡಿ ಬಾಗಿಲು ತೆಗೀಬೇಡಿ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತ್ಕೋತೀನಿ. ನನ್ನ ರೋಗಿಗಳು, ನನ್ನ ಬೀದಿ. ಕಾಲಿನ ಹದ ಹೇಗೆ ಅಂತ ಸ್ವಲ್ಪ ಕಲಿಸಿಕೊಡಿ."

ಗಂಡ ಹುರುಪಿನಿಂದಲೇ ಹೊರಟ. ಮೊದಲ ಏರನ್ನು ಇಂಜಿನ್ನು ಅರಚಿಸಿಕೊಂಡು ಹತ್ತಿಸಿದ, ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಎರಡನೆಯ ಮನೆಯ ಮುಂದೆ ನಿಲ್ಲಿಸಿ ಹೊರಡುವಾಗ ಕಾರು ಕುಪ್ಪಳಿಸಿತು. ಔಷಧಿ ಅಂಗಡಿಯ ಮುಂದೆ ಪೂರಾ ನಿಂತಿತು. ಹಿಂದೆ ಬಸ್ಸು. ಗಂಡ ಕೀ ತಿರುಗಿಸಿದ, ಕುಪ್ಪಳಿಸಿತು, ಮತ್ತೆ ತಿರುಗಿಸಿದ. ಕಿವಿ ಕೆಂಪಾಯಿತು, ಕುತ್ತಿಗೆಯಲ್ಲಿ ಬೆವರು.

"ಕ್ಲಚ್ ನಿಧಾನಕ್ಕೆ ಬಿಡಬೇಕು" ಎಂದಳು ಸಿಸ್ಟರ್, ಮುಂದಿನ ಗಾಜನ್ನೇ ನೋಡುತ್ತಾ.

"ನಿಧಾನಕ್ಕೇ ಬಿಡ್ತಾ ಇದ್ದೀನಿ ಕಣೇ!"

ಮಹಡಿಯಿಂದ ಮೇಷ್ಟ್ರ ದನಿ ಬಂತು: "ಯಾರಪ್ಪಾ ಅದು? ಸಿಸ್ಟರೇ ವಾಸಿ ಇದ್ರಲ್ಲ!"

ಗಂಡ ಇಳಿದು, ಬಸ್ಸಿನ ಕಂಡಕ್ಟರ್ ಜೊತೆ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದ. ಅವಳು ಚೀಲ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋಗಿ, ಹುಣ್ಣು ತೊಳೆದು, ಪಟ್ಟಿ ಕಟ್ಟಿ ಬಂದಳು. ಅಷ್ಟು ಹೊತ್ತೂ ಅವನು ಬಾನೆಟ್ಟಿನ ಮೇಲೆ ಕೈಯೂರಿ ನಿಂತೇ ಇದ್ದ.

ಮನೆಗೆ ಬಂದವನೇ ಅಂಗಡಿಯವನಿಗೆ ಫೋನ್ ಮಾಡಿದ. ಕೈಗೆ ಗ್ರೀಸಿರಲಿಲ್ಲ, ಆದರೂ ಸ್ಪೀಕರ್ ಹಾಕಿದ.

"ಕ್ಯಾಮ್ ಬದಲಾಯಿಸಬೇಕು. ಮೊದಲಿದ್ದಂಥದ್ದೇ ಕೊಡಿ."

"ಮತ್ತೆ ಇಂಜಿನ್ ಇಳಿಸಬೇಕಲ್ಲ ಸಾರ್? ಯಾಕೆ, ಹೆದ್ದಾರೀಲಿ ಓಡ್ತಿಲ್ವಾ?"

"ಗಾಡಿ ನನ್ನ ಹೆಂಡತೀದು. ಓಡಿಸೋದು ಅವಳೇ. ಗುಡ್ಡದ ರಸ್ತೆ."

"ಅವತ್ತು ನೀವೇ ಓಡಿಸೋದು ಅಂದ್ರಲ್ಲ?"

ಗಂಡ ಅವಳ ಕಡೆ ನೋಡಿದ.

"ಸುಳ್ಳು ಹೇಳಿದ್ದೆ. ಆಮೇಲೆ ಅವಳಿಗೇ ಓಡಿಸೋಕೆ ಬರಲ್ಲ ಅಂದೆ. ಅದೂ ಸುಳ್ಳು."

"ಹಂಗಾದ್ರೆ ಅವರಿಗೇ ಕೊಡಿ ಸಾರ್ ಫೋನು" ಎಂದ ಅಂಗಡಿಯವನು. "ಮೇಡಂ, ಎಷ್ಟು ದಿನದಿಂದ ಓಡಿಸ್ತಿದ್ದೀರಿ?"

ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ ಅದು. ಆದರೂ ಸಿಸ್ಟರ್‌ಗೆ ಇಷ್ಟು ದಿನ ತನ್ನ ಕಾಲನ್ನೇ ನಂಬದೆ ಬಸ್ಸಿನಲ್ಲಿ ಚೀಲ ಹೊತ್ತದ್ದು ನೆನಪಾಗಿ, ಕೋಪಕ್ಕೋ ಸಮಾಧಾನಕ್ಕೋ ಕಣ್ಣಲ್ಲಿ ನೀರು ಬಂತು.

"ಹನ್ನೊಂದು ವರ್ಷ" ಎಂದಳು. "ಈ ಕ್ಯಾಮ್ ಬರೋವರೆಗೆ ಏರಿನಲ್ಲಿ ಒಂದು ಸಲಾನೂ ನಿಲ್ಲಿಸಿಕೊಂಡೋಳಲ್ಲ ನಾನು."

ಆಮೇಲೆ ಹೆಡ್ ನರ್ಸ್‌ಗೆ ಫೋನ್ ಮಾಡಿ, ಮೇಲಿನ ಬೀದಿಗಳು ತನಗೇ ಇರಲಿ, ಒಂದು ವಾರದಲ್ಲಿ ಕಾರು ಸರಿಯಾಗುತ್ತದೆ, ಅಲ್ಲಿಯವರೆಗೆ ಬಸ್ಸಿನಲ್ಲಿ ಬರುತ್ತೇನೆ ಎಂದಳು. ಯಾವ ವಾರ ಎಂದು ಅವರು ಕೇಳಿದರು. ಅವಳು ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದಳು.